ಅಪ್ಪನ ಕುರ್ಚಿಗೆ ಹೊಂದಿಸಿದ ಸ್ಪೀಕರ್

ಕೆಲಸಕ್ಕೆ ಸೇರಿ ಮೊದಲ ಬೋನಸ್ ಬಂದಾಗ ಊರಿನ ಮನೆಗೆ ಏನು ತಗೊಂಡ್ರಿ ಅಂತ ನಮ್ಮ ವಯಸ್ಸಿನವರನ್ನ ಕೇಳಿ ನೋಡಿ. ದೊಡ್ಡ ಟಿವಿ ಅಂತಾರೆ. ಅದರ ಬೆನ್ನಿಗೇ ಸ್ಪೀಕರ್ ಸೆಟ್ಟು, ಜೊತೆಗೊಂದು ವೂಫರ್. ಬೆಳಗಾವಿ ಜಿಲ್ಲೆಯ ನಮ್ಮ ಕಡೆ, ಅಂದ್ರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ, ಇದಕ್ಕೆ ಇನ್ನೊಂದು ಷರತ್ತೂ ಉಂಟು: ಸೌಂಡು ಎದೆಗೆ ಹೊಡೀಬೇಕು!

ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಗೋಡೆಯಂತೆ ಪೇರಿಸಿದ ಡಿಜೆ ಪೆಟ್ಟಿಗೆಗಳಿಗೆ ನಮ್ಮಲ್ಲಿ ಅನೇಕರು 'ಡಾಲ್ಬಿ' ಅಂತಲೇ ಕರೀತಾರೆ. ಇದರಲ್ಲೊಂದು ತಮಾಷೆ ಇದೆ. ರೇ ಡಾಲ್ಬಿ ಅನ್ನೋ ಎಂಜಿನಿಯರ್ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿದ್ದು ಸದ್ದು ಹೆಚ್ಚಿಸೋಕೆ ಅಲ್ಲ. ಟೇಪ್ ರೆಕಾರ್ಡಿಂಗಿನ ಹಿಂದೆ 'ಸ್‌ಸ್‌ಸ್' ಅಂತ ಕೇಳಿಸೋ ಗದ್ದಲವನ್ನು ಕಡಿಮೆ ಮಾಡೋದೇ ಆ ಕಂಪನಿಯ ಮೊದಲ ಕೆಲಸ. ಗದ್ದಲ ತೆಗೆದವನ ಹೆಸರು ನಮ್ಮೂರಲ್ಲಿ ಗದ್ದಲಕ್ಕೇ ಅಂಟಿಕೊಂಡಿದೆ.

ಈ ಲೇಖನ ಗದ್ದಲ ತೆಗೆಯೋದರ ಬಗ್ಗೆ. ಮನೆಯ ಸ್ಪೀಕರ್‌ಗೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಚಿಕ್ಕದಾಗಿ ಡಿಎಸ್‌ಪಿ, ಹಾಕೋದು ಅಂದ್ರೆ ಬೇಸ್ ಹೆಚ್ಚಿಸೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಅದರಿಂದ ಆದ ದೊಡ್ಡ ಉಪಕಾರ ಬೇರೆಯೇ. ರಾತ್ರಿ ಊಟ ಮುಗಿದ ಕೂಡಲೇ ಎದ್ದು ಒಳಗೆ ಹೋಗ್ತಿದ್ದ ಅಪ್ಪ ಮತ್ತೆ ಎಲ್ಲರ ಜೊತೆ ಕೂರೋ ಹಾಗಾಯ್ತು.

ಕೇಳಸ್ತೈತಿ, ತಿಳಿವಲ್ದು

ನಮ್ಮ ಮನೆ ರಾಮದುರ್ಗದಲ್ಲಿ. ಅಜ್ಜನದು ಕೈಮಗ್ಗ. ಅಪ್ಪನದು ನಾಲ್ಕು ಪಾವರ್‌ಲೂಮ್‌ಗಳ ಶೆಡ್ಡು. ಅದರೊಳಗೆ 31 ವರ್ಷ ದುಡಿದರು. ಪಾವರ್‌ಲೂಮ್ ಶೆಡ್ ಒಳಗೆ ನಿಂತವರಿಗೆ ಗೊತ್ತು, ಅಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದು ಬಡಿದು ಓಡಾಡೋ ಸದ್ದು 90 ಡೆಸಿಬೆಲ್ ದಾಟುತ್ತೆ. ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ ನಮ್ಮ ಕಾರ್ಖಾನೆ ನಿಯಮಗಳು ಇಟ್ಟಿರುವ ಮಿತಿಯೇ 90 ಡೆಸಿಬೆಲ್. ಅಪ್ಪ ಮತ್ತು ಕೆಲಸಗಾರರು ಕೈಸನ್ನೆಯಲ್ಲೇ ಮಾತಾಡ್ತಿದ್ರು. ಎಳೆ ಹರಿದಿದ್ದಕ್ಕೆ ಒಂದು ಸನ್ನೆ, ಕಂಡಿಕೆ ಮುಗಿದಿದ್ದಕ್ಕೆ ಒಂದು, ಚಹಾಕ್ಕೆ ಒಂದು.

ಶೆಡ್ ಮುಚ್ಚಿ ಕೆಲ ವರ್ಷ ಆದಮೇಲೆ ಹುಬ್ಬಳ್ಳಿಯಲ್ಲಿ ಕಿವಿ ಪರೀಕ್ಷೆ ಮಾಡಿಸಿದ್ವಿ. ಅಲ್ಲಿ ಒಂದು ಗ್ರಾಫ್ ಕೊಡ್ತಾರೆ. ಎಡಗಡೆ ದಪ್ಪ ಸ್ವರಗಳು, ಬಲಗಡೆ ಕೀರಲು ಸ್ವರಗಳು. ಅಪ್ಪನ ಗೆರೆ 250, 500 ಹರ್ಟ್ಜ್ ಹತ್ರ ಹೆಚ್ಚುಕಡಿಮೆ ಸರಿಯಾಗೇ ಇತ್ತು. 2000 ದಾಟಿದ ಮೇಲೆ ಇಳಿಜಾರು. 4000 ಹರ್ಟ್ಜ್ ಹತ್ರ ಬಾವಿಗೆ ಬಿದ್ದ ಹಾಗೆ ಕುಸಿದಿತ್ತು. ವರ್ಷಗಟ್ಟಲೆ ಯಂತ್ರದ ಸದ್ದಿನಲ್ಲಿ ದುಡಿದವರ ಕಿವಿ ಮೊದಲು ಸೋಲೋದು ಅಲ್ಲೇ.

ಇದರ ಅರ್ಥ ನಿತ್ಯಜೀವನದಲ್ಲಿ ಏನು? ಮಾತಿನಲ್ಲಿ ಅ, ಆ, ಓ ಥರದ ಸ್ವರಗಳ ಬಲ ಇರೋದು ಕೆಳಗಿನ ಭಾಗದಲ್ಲಿ. ಸ, ಶ, ತ, ಕ, ಚ ಥರದ ವ್ಯಂಜನಗಳ ಗುರುತು ಇರೋದು ಮೇಲಿನ ಭಾಗದಲ್ಲಿ. ಹಾಗಾಗಿ ಅಪ್ಪನಿಗೆ ಯಾರೋ ಮಾತಾಡ್ತಿರೋದು ಚೆನ್ನಾಗೇ ಕೇಳುತ್ತೆ. ಆದರೆ ಅವರು 'ಸಾಲ' ಅಂದ್ರೋ, 'ಹಾಲ' ಅಂದ್ರೋ, 'ಕಾಲ' ಅಂದ್ರೋ ತಿಳಿಯಲ್ಲ. ಡಾಕ್ಟರ್ ಮುಂದೆ ಅಪ್ಪ ಹೇಳಿದ್ದು ಎರಡೇ ಮಾತು: "ಕೇಳಸ್ತೈತಿ, ತಿಳಿವಲ್ದು."

ಇಂಥ ಕಿವಿಗೆ ದಪ್ಪ ಸದ್ದು ಇನ್ನೊಂದು ಉಪದ್ರವ ಕೊಡುತ್ತೆ. ಜೋರಾದ ಕೆಳಗಿನ ಸ್ವರ ತನ್ನ ಮೇಲಿನ ಮೆಲು ಸ್ವರಗಳನ್ನು ಮುಚ್ಚಿಹಾಕುತ್ತೆ. ಎಲ್ಲರ ಕಿವಿಯಲ್ಲೂ ಹೀಗೆ ಆಗೋದೇ. ಆದರೆ ಮೇಲಿನ ಸ್ವರ ಮೊದಲೇ ಸೋತವರಿಗೆ ಉಳಿದಿದ್ದೂ ಮುಚ್ಚಿಹೋಗುತ್ತೆ. ಅಂದ್ರೆ ವೂಫರ್ 'ಗುಂ' ಅಂದಷ್ಟೂ ಸಿನಿಮಾದವರ ಮಾತು ಅಪ್ಪನಿಂದ ದೂರ ಹೋಗುತ್ತೆ.

ಹಿಯರಿಂಗ್ ಏಡ್ ತಂದಿದ್ವಿ. ಒಂದೂವರೆ ತಿಂಗಳು ಹಾಕ್ಕೊಂಡು ಆಮೇಲೆ ತಿಜೋರಿಯಲ್ಲಿಟ್ಟರು. ಯಾಕೆ ಅಂದ್ರೆ, "ಟಿವಿ ಹಚ್ಚಿದ್ರ ಕಿವ್ಯಾಗ ಮತ್ತ ಲೂಮ್ ಶುರು ಆದಂಗ ಆಗತೈತಿ" ಅನ್ನೋ ಉತ್ತರ.

ಮಾವನ ಮನೆಯ ಸೌಂಡು ನಮ್ಮ ಮನೆಗೆ ಬರಲಿಲ್ಲ

ನನ್ನ ತಮ್ಮ ಸವದತ್ತಿಯಲ್ಲಿ ಕೆಲಸ ಮಾಡ್ತಾನೆ, ದಿನಾ ಬಸ್ಸಿಗೆ ಹೋಗಿ ಬರ್ತಾನೆ. ಸ್ಪೀಕರ್ ತಂದವನು ಅವನೇ. ಬೈಲಹೊಂಗಲದಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಒಂದು ಸೆಟ್ ಕೇಳಿ ಮನಸೋತು ಅದೇ ಮಾಡೆಲ್ಲು ತಂದಿದ್ದ: ಎರಡು ಪುಟ್ಟ ಸ್ಪೀಕರ್, ಒಂದು ಆಂಪ್ಲಿಫೈಯರ್, 10 ಇಂಚಿನ ವೂಫರ್. ಮಾವನ ಮನೆಯಲ್ಲಿ ಹದವಾಗಿ ಕೇಳಿದ್ದು ನಮ್ಮ ಮನೆಗೆ ಬಂದ ಮೇಲೆ ಬರೀ ಗುಂಯ್‌ಗುಡೋಕೆ ಶುರುವಾಯ್ತು. ಅಂಗಡಿಯವರು ಬೇರೆ ಪೀಸ್ ಕೊಟ್ಟಿದ್ದಾರೆ ಅನ್ನೋದು ತಮ್ಮನ ಅನುಮಾನ.

ಪೀಸ್ ಸರಿಯಾಗೇ ಇತ್ತು. ಬೇರೆ ಇದ್ದದ್ದು ಮನೆ. ಮಾವನದು ಹಳೇ ಕಾಲದ ಮನೆ. ಮೇಲೆ ಕಟ್ಟಿಗೆಯ ಜಂತಿ, ಮೂರು ಕಡೆ ಬಾಗಿಲು, ಹತ್ತಿ ಬಿಡಿಸಿದ ಕಾಲದಲ್ಲಿ ಒಂದು ಗೋಡೆಗೆ ಆಳೆತ್ತರ ಹತ್ತಿ ಚೀಲ. ದಪ್ಪ ಸದ್ದು ಸ್ವಲ್ಪ ಮಾಡಿನಿಂದ ಸೋರಿಹೋಗುತ್ತೆ, ಸ್ವಲ್ಪ ಹತ್ತಿ ಹೀರುತ್ತೆ. ನಮ್ಮದು ಹೊಸ ಮನೆ. ಆರ್‌ಸಿಸಿ ಸ್ಲ್ಯಾಬ್, ಸಿಮೆಂಟ್ ಗೋಡೆ, ನೆಲಕ್ಕೆ ಟೈಲ್ಸ್. ಹೊರಟ ಸದ್ದಿಗೆ ಹೋಗೋಕೆ ದಾರಿಯೇ ಇಲ್ಲ, ಗೋಡೆಯಿಂದ ಗೋಡೆಗೆ ತಿರುಗಿ ಬರುತ್ತೆ.

ಕಿತ್ತೂರು ಉತ್ಸವದ ಮೈದಾನವನ್ನ ನೆನಪಿಸಿಕೊಳ್ಳಿ. 1824ರ ಅಕ್ಟೋಬರ್ 23ರ ಗೆಲುವಿನ ನೆನಪಿಗೆ ಪ್ರತಿ ಅಕ್ಟೋಬರಿನಲ್ಲಿ ನಡೆಯೋ ಆ ಉತ್ಸವದ ವೇದಿಕೆಯ ಮುಂದೆ ಎಷ್ಟು ದೊಡ್ಡ ಸ್ಪೀಕರ್ ಇಟ್ಟರೂ ಬೇಸ್ ಬಿಡಿಬಿಡಿಯಾಗಿ 'ಧಂ, ಧಂ' ಅಂತ ಕೇಳುತ್ತೆ. ಯಾಕಂದ್ರೆ ಬಯಲಲ್ಲಿ ಗೋಡೆ ಇಲ್ಲ. ಅದೇ ಸದ್ದನ್ನ 16 ಅಡಿ ಹಾಲ್‌ಗೆ ತಂದರೆ 'ಧಂ' ಹೋಗಿ 'ಗುಂಯ್' ಉಳಿಯುತ್ತೆ. ಬಯಲ ಸೌಂಡು ಮನೆಯೊಳಗೆ ಬರಲ್ಲ. ವೂಫರ್ ದೊಡ್ಡದು ತಂದಷ್ಟೂ ಗುಂಯ್‌ಗುಡೋದೇ ಹೆಚ್ಚಾಗುತ್ತೆ.

ಇದರ ಲೆಕ್ಕ ಸುಲಭ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಈ 343ನ್ನ ಹಾಲ್ ಉದ್ದದ ಎರಡರಷ್ಟರಿಂದ ಭಾಗಿಸಿ. ನಮ್ಮ ಹಾಲ್ ಉದ್ದ 16 ಅಡಿ, ಅಂದ್ರೆ 4.88 ಮೀಟರ್. ಉತ್ತರ 35 ಹರ್ಟ್ಜ್. ಅಗಲ 11 ಅಡಿ, ಅಂದ್ರೆ 3.35 ಮೀಟರ್. ಉತ್ತರ 51 ಹರ್ಟ್ಜ್. ಈ ಎರಡು ಸ್ವರ ಬಂದಾಗಲೆಲ್ಲ ಹಾಲ್ ತಾನೇ ಒಂದು ವಾದ್ಯದಂತೆ ಹಿಡಿದುಕೊಂಡು ಮೊರೆಯುತ್ತೆ. ವೂಫರ್ ಕೆಲಸ ಮಾಡೋದು ಸರಿಯಾಗಿ ಈ ಜಾಗದಲ್ಲೇ.

ಮುಖ್ಯ ವಿಷಯ ಮುಂದಿದೆ. ಈ ಮೊರೆತ ಹಾಲ್ ತುಂಬಾ ಒಂದೇ ಸಮ ಇರಲ್ಲ. ಗೋಡೆ ಹತ್ರ, ಮೂಲೆಯಲ್ಲಿ ತುಂಬಾ ಜೋರು. ಹಾಲ್‌ನ ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಪಂಚಮಿ ಹಬ್ಬದ ಭೋಂಗಾ

ನಾನು ಬೆಂಗಳೂರಿನಲ್ಲಿ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸ ಮಾಡೋಳು. ನಾಗರ ಪಂಚಮಿಗೆ ಹೆಣ್ಮಕ್ಕಳು ತವರಿಗೆ ಬರಲೇಬೇಕು ಅನ್ನೋದು ನಮ್ಮ ಕಡೆಯ ನಿಯಮ. ಕಳೆದ ಪಂಚಮಿಗೆ ಬಂದಾಗ ಬ್ಯಾಗಿನಲ್ಲಿ ಅಳತೆಯ ಯುಎಸ್‌ಬಿ ಮೈಕ್ ಒಂದು, ಅಂಗೈಯಷ್ಟು ದೊಡ್ಡ ಡಿಎಸ್‌ಪಿ ಬೋರ್ಡ್ ಒಂದು ಇತ್ತು. ಅವ್ವ ಉಂಡಿ ಕಟ್ಟೋದರಲ್ಲಿ, ಓಣಿಯ ಹುಡುಗಿಯರು ಜೋಕಾಲಿಯಲ್ಲಿ. ನಾನು ಹಾಲ್‌ನಲ್ಲಿ ಟೇಪ್ ಹಿಡ್ಕೊಂಡು ಅಳತೆಗೆ ನಿಂತೆ.

ಅಳೆಯೋಕೆ ರೂಮ್ ಇಕ್ಯೂ ವಿಝಾರ್ಡ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಲ್ಯಾಪ್‌ಟಾಪಿನಿಂದ ಅದು 'ಊಂ' ಅಂತ ತೀರಾ ದಪ್ಪಗೆ ಶುರು ಮಾಡಿ 'ಈ' ಅಂತ ಕೀರಲಾಗೋ ತನಕ ಒಂದು ಸ್ವರ ಹಾಡಿಸುತ್ತೆ. ಮೈಕ್ ಕೇಳಿಸಿಕೊಂಡು, ಯಾವ ಸ್ವರ ಎಷ್ಟು ಜೋರಾಗಿ ತಲುಪಿತು ಅಂತ ಗೆರೆ ಎಳೆಯುತ್ತೆ. ಎಂಟು ಹತ್ತು ಸಲ ಹಾಡಿಸಿದ ಮೇಲೆ ಪಕ್ಕದ ಮನೆ ಕಾಕು ಬಾಗಿಲಲ್ಲಿ ನಿಂತು, "ಏನವ್ವಾ, ಮಿಲ್ಲಿನ ಭೋಂಗಾ ತಂದೀರೇನು ಮನಿಗೆ?" ಅಂದ್ರು. ಒಂದು ಉಂಡಿ ಕೊಟ್ಟು ಸಮಾಧಾನ ಮಾಡಿದ್ವಿ.

ಮೈಕನ್ನ ಮೊದಲು ಅಪ್ಪನ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ಇಟ್ಟೆ. ಆಮೇಲೆ ತಮ್ಮ ಕೂರೋ ಸೋಫಾದಲ್ಲಿ. ಎರಡೂ ಗೆರೆ ಒಂದರ ಮೇಲೊಂದು ಬಂದಾಗ ವರ್ಷದಿಂದ ನಡೀತಿದ್ದ ಜಗಳದ ಕಾರಣ ಪರದೆ ಮೇಲೆ ಕಾಣಿಸ್ತು.

ಅಪ್ಪನ ಕುರ್ಚಿ ಬಾಗಿಲ ಪಕ್ಕ, ಹಿಂದಿನ ಮೂಲೆಯಲ್ಲಿ. ವೂಫರ್ ಎದುರಿನ ಮೂಲೆಯಲ್ಲಿ. ಮೂಲೆಯಿಂದ ಮೂಲೆಗೆ, ಎರಡೂ ಮೊರೆತ ಅತಿ ಜೋರಾಗಿ ಸೇರೋ ಜಾಗ. ತಮ್ಮನ ಸೋಫಾ ಹಾಲ್‌ನ ನಟ್ಟನಡುವೆ, ಆ ಮೊರೆತ ಸತ್ತುಹೋಗೋ ಜಾಗ. 51 ಹರ್ಟ್ಜ್ ಹತ್ರ ಇಬ್ಬರ ನಡುವೆ 14 ಡೆಸಿಬೆಲ್ ಅಂತರ ಇತ್ತು. 10 ಡೆಸಿಬೆಲ್ ಹೆಚ್ಚಾದ್ರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತೆ. 14 ಅಂದ್ರೆ ಅದಕ್ಕೂ ಮೇಲೆ.

ರಿಮೋಟ್ ಇದ್ದದ್ದು ತಮ್ಮನ ಕೈಯಲ್ಲಿ. ಅವನಿಗೆ ಬೇಸ್ ಕೇಳಿಸ್ತಿರಲಿಲ್ಲ, ಹಾಗಾಗಿ ಹೆಚ್ಚಿಸ್ತಿದ್ದ. ಹೆಚ್ಚಿಸಿದ್ದೆಲ್ಲಾ ಹೋಗಿ ಬೀಳ್ತಿದ್ದದ್ದು ಅಪ್ಪನ ಕಿವಿಗೆ. "ಕಮ್ಮಿ ಮಾಡೋ" ಅಂದ್ರೆ "ಕಮ್ಮೀನ ಐತೆಲ್ಲಪಾ" ಅನ್ನೋ ಉತ್ತರ. ಇಬ್ಬರೂ ಹೇಳ್ತಿದ್ದದ್ದು ನಿಜವೇ. ಒಂದೇ ಹಾಲ್‌ನಲ್ಲಿ ಕೂತು ಇಬ್ಬರು ಎರಡು ಬೇರೆ ಸ್ಪೀಕರ್ ಕೇಳ್ತಿದ್ರು.

ತುಂಬಿಸೋಕೆ ಆಗದ ಖಾಲಿ

ಗೆರೆ ನೋಡಿದ ಕೂಡಲೇ ತಮ್ಮ ಕೇಳಿದ: "ಅಕ್ಕಾ, ನನ್ನ ಜಾಗಾದಾಗ ಎಲ್ಲಿ ಕಮ್ಮಿ ಐತೋ ಅಲ್ಲಷ್ಟ ಏರಿಸಿ ಬಿಡು. ಡಿಎಸ್‌ಪಿ ಅದಕ್ಕ ಅಲ್ಲೇನು?"

ಎಲ್ಲರಿಗೂ ಬರೋ ಪ್ರಶ್ನೆ ಇದು. ಆದರೆ ಸದ್ದು ಹೋಗಿ ಗೋಡೆಗೆ ಬಡಿದು ಬಂದು, ತನ್ನನ್ನೇ ತಾನು ಅಳಿಸಿಕೊಳ್ಳೋ ಜಾಗ ಅದು. ಅಲ್ಲಿಗೆ ಎಷ್ಟು ಹೆಚ್ಚು ಕಳಿಸಿದರೂ ಅಷ್ಟೇ ಹೆಚ್ಚು ಅಳಿಸುತ್ತೆ. 12 ಡೆಸಿಬೆಲ್ ಏರಿಸಬೇಕಂದ್ರೆ ಆಂಪ್ಲಿಫೈಯರ್ 16 ಪಟ್ಟು ಪವರ್ ಕೊಡಬೇಕು. ಆ ಪವರ್ ಎಲ್ಲಾ ಮೂಲೆಯಲ್ಲಿ ಕೂತವರ ಮೇಲೆ ಬೀಳುತ್ತೆ.

ಇದನ್ನ ನಾನು ತಮ್ಮನಿಗೆ ವಿವರಿಸ್ತಿದ್ದಾಗ ಅಪ್ಪ ಪರದೆಯನ್ನೇ ನೋಡ್ತಿದ್ರು. ಗೆರೆಯ ಆ ತಗ್ಗಿಗೆ ಬೆರಳಿಟ್ಟು ಏನದು ಅಂತ ಸನ್ನೆಯಲ್ಲಿ ಕೇಳಿದ್ರು. ಜೋರಾಗಿ, ನಿಧಾನಕ್ಕೆ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು ಹೇಳಿದ್ರು: "ಹಾಸಿನ್ಯಾಗ ಎಳಿ ಹರಿದಿದ್ರ ಎಷ್ಟ ಜೋರ್ ಬಡದ್ರೂ ಅಲ್ಲಿ ಬಟ್ಟಿ ಆಗೂದಿಲ್ಲೋ. ಆಜೂಬಾಜೂ ಎಳಿ ಅಷ್ಟ ಹರೀತಾವು. ಲೂಮ್ ನಿಲ್ಲಿಸಿ ಎಳಿ ಕಟ್ಟಬೇಕು."

ಇಷ್ಟು ಚೆನ್ನಾಗಿ ನನಗೆ ಹೇಳೋಕೆ ಬರ್ತಿರಲಿಲ್ಲ. ಎಳೆ ಕಟ್ಟೋದು ಅಂದ್ರೆ ಇಲ್ಲಿ ಸಾಮಾನಿನ ಜಾಗ ಬದಲಿಸೋದು. ಅದಕ್ಕೆ ಡಿಎಸ್‌ಪಿ ಬೇಡ, ಇಬ್ಬರು ಎತ್ತೋರು ಸಾಕು.

ಮೊದಲು ವೂಫರನ್ನ ಅಪ್ಪನ ಕುರ್ಚಿ ಮೇಲೆ ಕೂರಿಸಿದ್ವಿ. ಒಂದೇ ಬೇಸ್ ಸ್ವರ ಹಚ್ಚಿ ನಾನು ಅಂಬೆಗಾಲಿನಲ್ಲಿ ಗೋಡೆಗುಂಟ ಹೋದೆ. ನೋಡೋರಿಗೆ ನಗು ಬರೋ ಕೆಲಸ, ಆದರೆ ಇದು ಪ್ರಪಂಚದಾದ್ಯಂತ ಮಾಡೋ ವಿಧಾನವೇ. ಕೂರೋ ಜಾಗದಲ್ಲಿ ವೂಫರ್ ಇಟ್ಟು, ನೆಲದ ಮೇಲೆ ಎಲ್ಲಿ ಬೇಸ್ ಹದವಾಗಿ ಕೇಳುತ್ತೋ ಅಲ್ಲಿಗೆ ವೂಫರ್ ತಂದಿಟ್ಟರೆ, ಕುರ್ಚಿಯಲ್ಲೂ ಹದವಾಗೇ ಕೇಳುತ್ತೆ. ನಮ್ಮ ಹಾಲ್‌ನಲ್ಲಿ ಆ ಜಾಗ ಸಿಕ್ಕಿದ್ದು ಟಿವಿ ಕೆಳಗೆ, ಅಗಲದ ನಡುಮಧ್ಯದಲ್ಲಿ. ಇದಕ್ಕೂ ಕಾರಣ ಇದೆ. ಅಗಲದ ಮೊರೆತ ಸತ್ತಿರೋ ಜಾಗದಲ್ಲಿ ವೂಫರ್ ಇಟ್ಟರೆ ಅದು ಆ ಮೊರೆತವನ್ನ ಎಬ್ಬಿಸೋದೇ ಇಲ್ಲ. 51 ಹರ್ಟ್ಜಿನ ಗುಡ್ಡ ಅರ್ಧಕ್ಕಿಂತ ಹೆಚ್ಚು ಕರಗಿತು. ಸೋಫಾವನ್ನ ನಡುವಿನಿಂದ ಎರಡು ಅಡಿ ಹಿಂದಕ್ಕೆ ತಳ್ಳಿದ್ವಿ, ತಮ್ಮನಿಗೂ ಬೇಸ್ ಸಿಕ್ತು. ಅಪ್ಪನ ಕುರ್ಚಿ ಮೂಲೆ ಬಿಟ್ಟು ಮೂರಡಿ ಮುಂದೆ ಬಂತು.

ಡಿಎಸ್‌ಪಿ ಮಾಡಿದ ನಾಲ್ಕು ಕೆಲಸ

ಇಷ್ಟಾದ ಮೇಲೆ ಬೋರ್ಡಿನ ಪಾಳಿ. ಡಿಎಸ್‌ಪಿ ಒಳಗೆ ಮಾಯೆ ಏನಿಲ್ಲ. ಸದ್ದನ್ನ ಸೆಕೆಂಡಿಗೆ 48,000 ಸಲ ಅಳೆದು ಸಂಖ್ಯೆ ಮಾಡ್ಕೊಳ್ಳುತ್ತೆ. ಈಗಿನ ಸಂಖ್ಯೆ, ಹಿಂದಿನ ಎರಡು ಸಂಖ್ಯೆ, ತಾನು ಹಿಂದೆ ಕೊಟ್ಟ ಎರಡು ಉತ್ತರ, ಈ ಐದನ್ನ ಐದು ಗೊತ್ತಾದ ಸಂಖ್ಯೆಗಳಿಂದ ಗುಣಿಸಿ ಕೂಡಿಸುತ್ತೆ. ಒಂದು ಫಿಲ್ಟರ್ ಅಂದ್ರೆ ಅಷ್ಟೇ. ಆ ಐದು ಸಂಖ್ಯೆ ಬದಲಿಸಿದ್ರೆ ಸದ್ದಿನ ಆಕಾರ ಬದಲಾಗುತ್ತೆ.

ಮೊದಲ ಕೆಲಸ ಪಾಲು ಮಾಡೋದು. 80 ಹರ್ಟ್ಜಿಗಿಂತ ಕೆಳಗಿನದು ವೂಫರ್‌ಗೆ, ಮೇಲಿನದು ಪುಟ್ಟ ಸ್ಪೀಕರ್‌ಗೆ. ಟಿಎಚ್‌ಎಕ್ಸ್ ಪದ್ಧತಿಯಿಂದ ಬಂದ ಈ 80 ಅನೇಕ ಮನೆಗಳಿಗೆ ಹೊಂದುತ್ತೆ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರ್ತಿದೆ ಅನ್ನೋದು ಕಿವಿಗೆ ಸುಲಭಕ್ಕೆ ತಿಳಿಯಲ್ಲ. ತಮ್ಮನ ವೂಫರ್ ಹಿಂದಿನ ಗುಬ್ಬಿ 150ರಲ್ಲಿತ್ತು. ಹಾಗಾಗಿ ಗಂಡಸರ ದನಿಯ ತಳಭಾಗವೂ ವೂಫರಿನಿಂದಲೇ ಬರ್ತಿತ್ತು, ಮಡಕೆಯೊಳಗೆ ಮಾತಾಡಿದ ಹಾಗೆ.

ಎರಡನೇದು ಕಾಯಿಸೋದು. ಸದ್ದು ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ತಗೊಳ್ಳುತ್ತೆ. ವೂಫರ್ ಮತ್ತು ಸ್ಪೀಕರ್‌ಗಳ ಸದ್ದು ಕುರ್ಚಿಗೆ ಒಟ್ಟಿಗೇ ತಲುಪದಿದ್ರೆ 80ರ ಹತ್ರ ಒಂದನ್ನೊಂದು ಕಡಿಯುತ್ತೆ. ಮುಂಚೆ ತಲುಪೋದನ್ನ ಕೆಲವು ಮಿಲಿಸೆಕೆಂಡ್ ತಡೆದು ಇಬ್ಬರನ್ನೂ ಜೊತೆಗೆ ಕಳಿಸಬೇಕು.

ಮೂರನೇದು ತಗ್ಗಿಸೋದು. ಉದ್ದದ ಮೊರೆತ 35 ಹರ್ಟ್ಜಿನಲ್ಲಿ ಇನ್ನೂ ಉಳಿದಿತ್ತು. ಅಷ್ಟೇ ಜಾಗಕ್ಕೆ ಕತ್ತರಿ ಹಾಕಿ 8 ಡೆಸಿಬೆಲ್ ಇಳಿಸಿದೆ. 51ರಲ್ಲಿ ಉಳಿದದ್ದಕ್ಕೆ 4. ಏರಿಸಿದ್ದು ಯಾವುದೂ ಇಲ್ಲ. ಗುಡ್ಡ ಕಡಿದರೆ ಮೊರೆತ ಬೇಗ ಸಾಯುತ್ತೆ, ಹಿಂದೆ ಬರೋ ಮಾತಿಗೆ ಜಾಗ ಸಿಗುತ್ತೆ.

ನಾಲ್ಕನೇದು ಹದ ಹಿಡಿಯೋದು. ಸಿನಿಮಾದಲ್ಲಿ ಪಿಸುಮಾತು ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸಿದ್ರೆ ಮರುಕ್ಷಣ ಬಾಂಬು ಬೀಳುತ್ತೆ, ಅಲ್ವಾ? ಕಂಪ್ರೆಸರ್ ಅನ್ನೋ ಭಾಗ ಜೋರಾದದ್ದನ್ನ ತಾನೇ ಹಿಡಿದು ಇಳಿಸುತ್ತೆ. ಇದನ್ನ ರಾತ್ರಿಯ ಸೆಟ್ಟಿಂಗ್‌ಗೆ ಇಟ್ಟೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ನಮ್ಮ ಶಬ್ದಮಾಲಿನ್ಯ ನಿಯಮ 2000ದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕದ ಮಿತಿ 45 ಡೆಸಿಬೆಲ್. ಕಾಕುಗೆ ದಿನಾ ಉಂಡಿ ಕೊಡೋಕೆ ಆಗುತ್ತಾ?

ಕೊನೆಗೆ 'ಮಾತು' ಅಂತ ಒಂದು ಸೆಟ್ಟಿಂಗ್ ಮಾಡಿದೆ. ಅದರಲ್ಲಿ ವೂಫರ್ ಇನ್ನೂ 6 ಡೆಸಿಬೆಲ್ ಕೆಳಗೆ, 2000ದಿಂದ 4000 ಹರ್ಟ್ಜ್ ತನಕ ಬರೀ 3 ಡೆಸಿಬೆಲ್ ಮೇಲೆ. ಮೂರೇ ಯಾಕೆ? ಸೋತ ಕಿವಿಗೆ ಮೆಲು ಸದ್ದು ಕೇಳಿಸಲ್ಲ, ಆದರೆ ಜೋರು ಸದ್ದು ನಮ್ಮಷ್ಟೇ ಜೋರಾಗಿ ಚುಚ್ಚುತ್ತೆ. ನಡುವಿನ ಹದ ಕಿರಿದು. ಗ್ರಾಫಿನಲ್ಲಿ 40 ಡೆಸಿಬೆಲ್ ಕಮ್ಮಿ ಇದೆ ಅಂತ ಸ್ಪೀಕರಿನಲ್ಲಿ 40 ಏರಿಸಿದ್ರೆ ಮನೆಯವರೆಲ್ಲಾ ಎದ್ದು ಹೋಗ್ತಾರೆ, ಅಪ್ಪನೂ ಸೇರಿ.

ಚೌಡಕಿಯ ತಂತಿ

ಸಂಜೆ ಏನು ಹಚ್ಚಲಿ ಅಂದಾಗ ಅಪ್ಪ ಕೇಳಿದ್ದು ಎಲ್ಲವ್ವನ ಪದ. ಪ್ರತಿವರ್ಷ ಬನದ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗೋರು ಅವರು. ಚೌಡಕಿ ಕಂಡಿದ್ದೀರಾ? ಕಟ್ಟಿಗೆಯ ಕೊಳವೆ, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಎದ್ದ ಒಂದೇ ತಂತಿ. ತಂತಿ ಮೀಟುತ್ತಾ ಬಿಗಿ ಸಡಿಲ ಮಾಡಿದರೆ ಸ್ವರ ಜಗ್ಗಿ ಏರಿ ಇಳಿಯುತ್ತೆ. ಅದರ ಜೀವ ಇರೋದು ಆ ಮೀಟಿನ ಚುರುಕಿನಲ್ಲಿ. ವೂಫರ್ ಮೊರೆಯುವಾಗ ಮೊದಲು ಮುಳುಗೋದೂ ಅದೇ.

ಹಾಡು ಶುರುವಾಯ್ತು. ಅಪ್ಪ ಸ್ವಲ್ಪ ಹೊತ್ತು ನೆಲ ನೋಡ್ತಾ ಕೂತಿದ್ರು. ಆಮೇಲೆ ಬಲಗೈ ಬೆರಳು ಮೊಣಕಾಲ ಮೇಲೆ ತಂತಿ ಮೀಟಿದ ಹಾಗೆ ಆಡೋಕೆ ಶುರುವಾಯ್ತು, ಹಾಡಿನ ಜೊತೆಗೇ, ಒಂದು ಮೀಟೂ ತಪ್ಪದೆ. ಅಷ್ಟು ಕೇಳಿಸ್ತಿದೆ ಅಂತ ನಮಗೆ ಗೊತ್ತಾಯ್ತು. ತಮ್ಮ ಬೇಸ್ ಸುದ್ದಿ ಎತ್ತಲಿಲ್ಲ. ಎಲ್ಲರೂ ಮಲಗೋಕೆ ಹೋದಮೇಲೆ ಮಾತ್ರ ಹತ್ರ ಬಂದು, "ಅಕ್ಕಾ, ಪಿಕ್ಚರ್‌ದ ಸೆಟ್ಟಿಂಗ್ ಬ್ಯಾರೇ ಇಟ್ಟೀ ಅಲ್ಲ?" ಅಂದ. ಇಟ್ಟಿದ್ದೆ. ಮಾತು, ಪಿಕ್ಚರ್, ರಾತ್ರಿ, ಮೂರು ಬಟನ್.

ಮಾರನೇ ದಿನ ಸುದ್ದಿಯವರ ಮಾತು ಪೂರ್ತಿ ತಿಳೀತಾ ಅಂತ ಕೇಳಿದೆ. "ಮುಕ್ಕಾಲು ಪಾಲು" ಅಂದ್ರು. ಉಳಿದ ಕಾಲು ಪಾಲು ಸ್ಪೀಕರಿನಿಂದ ಬರಲ್ಲ. ಒಳಗಿವಿಯಲ್ಲಿ ಸತ್ತ ಸೂಕ್ಷ್ಮ ಕೋಶಗಳನ್ನ ಯಾವ ಬೋರ್ಡೂ ಬದುಕಿಸಲ್ಲ. ಹಾಗಂತ ಅಲ್ಲಿಗೇ ಬಿಡೋಕೂ ನನಗೆ ಮನಸ್ಸಿರಲಿಲ್ಲ.

ತಿಜೋರಿಯಿಂದ ಹಿಯರಿಂಗ್ ಏಡ್ ತಂದು ಡಿಎಸ್‌ಪಿ ಬೋರ್ಡಿನ ಪಕ್ಕ ಇಟ್ಟು ಹೇಳಿದೆ: ಅಪ್ಪಾ, ಇದರಾಗೂ ಇದೇ ಐತಿ. ಸುಮ್ಮನೆ ಹೇಳಿದ್ದಲ್ಲ ಅದು. 1996ರ ಸುಮಾರಿಗೆ ಪೂರ್ತಿ ಡಿಜಿಟಲ್ ಹಿಯರಿಂಗ್ ಏಡ್‌ಗಳು ಮಾರುಕಟ್ಟೆಗೆ ಬಂದವು. ಅಂದಿನಿಂದ ಕಿವಿಯಲ್ಲಿ ಕೂರೋದು ಒಂದು ಪುಟ್ಟ ಡಿಎಸ್‌ಪಿಯೇ. ಅದೂ ಸದ್ದನ್ನ ಪಾಲು ಮಾಡುತ್ತೆ, ಒಂದೊಂದು ಪಾಲನ್ನೂ ಬೇರೆ ಬೇರೆ ಏರಿಸುತ್ತೆ, ಜೋರಾದದ್ದನ್ನ ಹಿಡಿದು ಇಳಿಸುತ್ತೆ. ನಾನು ಹಾಲ್‌ಗೆ ಅಂತ ಬದಲಿಸಿದ ಸಂಖ್ಯೆಗಳನ್ನ ಅಲ್ಲಿ ಆಡಿಯಾಲಜಿಸ್ಟ್ ಕಿವಿಗೆ ಅಂತ ಬದಲಿಸ್ತಾರೆ. ಒಂದೇ ಸಲಕ್ಕೆ ಹದ ಸಿಗಲ್ಲ, ಎರಡು ಮೂರು ಸಲ ಹೋಗಿ ಹೊಂದಿಸಿಕೊಳ್ಳಬೇಕು.

ಅಪ್ಪ ಅದನ್ನ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ್ರು. "ಅಂದ್ರ ಇದನ್ನೂ ಟ್ಯೂನ್ ಮಾಡಬೇಕೇನು? ಹಂಗ ಹಾಕ್ಕೊಳ್ಳೂದಲ್ಲೇನಿದು?" ಅಂದ್ರು. ಮುಂದಿನ ಸೋಮವಾರ ತಮ್ಮನ ಜೊತೆ ಹುಬ್ಬಳ್ಳಿಗೆ ಹೋದ್ರು. ಮೂರನೇ ಭೇಟಿಯ ನಂತರ ದಿನಕ್ಕೆ ಐದಾರು ಗಂಟೆ ಹಾಕ್ಕೋತಿದ್ದಾರೆ. ಈಗ ಫೋನಿನಲ್ಲಿ ನನ್ನ ಜೊತೆ ಅವರೇ ಮಾತಾಡ್ತಾರೆ. ಮೊದಲೆಲ್ಲಾ 'ಹೂಂ, ಹೂಂ' ಅಂದು ಅವ್ವನ ಕೈಗೆ ಕೊಟ್ಟುಬಿಡ್ತಿದ್ರು.

ನೀವೂ ಮಾಡಬಹುದು

ಬೋರ್ಡು, ಪ್ರೋಗ್ರಾಮು ಎಲ್ಲರಿಗೂ ಬೇಕಿಲ್ಲ. ನಿಮ್ಮ ಎವಿ ರಿಸೀವರ್ ಜೊತೆ ಒಂದು ಪುಟ್ಟ ಮೈಕ್ ಬಂದಿದ್ರೆ ಅದು ಡಬ್ಬಿಯಲ್ಲೇ ಕೂತಿದೆಯಾ ನೋಡಿ. ಅದನ್ನ ಚುಚ್ಚಿ ಆಟೋ ಸೆಟಪ್ ಮಾಡಿದ್ರೆ ಪಾಲು, ಕಾಯಿಸೋದು, ತಗ್ಗಿಸೋದು ಮೂರನ್ನೂ ಬಹುಪಾಲು ಅದೇ ಮಾಡ್ಕೊಳ್ಳುತ್ತೆ. ಸೌಂಡ್‌ಬಾರ್ ಇದ್ದವರು ಮೆನುವಿನಲ್ಲಿ 'ಡೈಲಾಗ್', 'ನೈಟ್' ಅನ್ನೋ ಬಟನ್ ಹುಡುಕಿ. ಬೇರೆ ಪೆಟ್ಟಿಗೆಯೇ ಬೇಕು ಅಂದ್ರೆ ಮಿನಿಡಿಎಸ್‌ಪಿ ಥರದವು ಸಿಗ್ತವೆ.

ಯಾವುದೇ ಇರಲಿ, ಮೊದಲು ವೂಫರನ್ನ ಮೂಲೆಯಿಂದ ಹೊರಗೆ ತನ್ನಿ, ಆಮೇಲೆ ಅಳೆಯಿರಿ. ಸೋಫಾ, ಕುರ್ಚಿ, ಬಾಗಿಲ ಪಕ್ಕ, ಎಲ್ಲಾ ಕಡೆ ಒಂದೇ ಹಾಡು ಕೇಳಿ. ಫೋನಿನ ಮೈಕ್ ತೀರಾ ಕೆಳಗಿನ ಬೇಸ್‌ಗೆ ನಂಬಿಕಸ್ತ ಅಲ್ಲ, ನಿಮ್ಮ ಕಿವಿಯೇ ವಾಸಿ. ಏರಿಸೋಕಿಂತ ಮೊದಲು ಎಲ್ಲಿ ಇಳಿಸಬಹುದು ನೋಡಿ. ಹಾಗೇ ನಮ್ಮ ಕಿವಿಗಳ ಲೆಕ್ಕವೂ ಇರಲಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಇಷ್ಟರೊಳಗೆ ಇರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಪ್ಪನಿಗೆ ಶೆಡ್ಡಿನ ಸದ್ದು ಆಯ್ಕೆ ಆಗಿರಲಿಲ್ಲ, ಅದು ಹೊಟ್ಟೆಪಾಡು. ಇಯರ್‌ಬಡ್ ವಾಲ್ಯೂಮು ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಮಾತು. ಆಟೋ ಸೆಟಪ್ ಮಾಡುವಾಗ ಮೈಕ್ ಎಲ್ಲಿಡಬೇಕು ಅಂತ ಪುಸ್ತಕ ಹೇಳುತ್ತೆ: 'ಮುಖ್ಯ ಕೇಳುಗರ ಜಾಗದಲ್ಲಿ'. ಮುಖ್ಯ ಕೇಳುಗರು ಯಾರು ಅಂತ ಪುಸ್ತಕ ಹೇಳಲ್ಲ. ಸಾಮಾನ್ಯವಾಗಿ ನಾವು ದುಡ್ಡು ಕೊಟ್ಟವರ ಜಾಗದಲ್ಲೋ ರಿಮೋಟ್ ಇರೋರ ಜಾಗದಲ್ಲೋ ಇಡ್ತೀವಿ. ನಿಮ್ಮ ಮನೆಯಲ್ಲಿ ಟಿವಿ ಹಚ್ಚಿದ ಸ್ವಲ್ಪ ಹೊತ್ತಿಗೆ ಸದ್ದಿಲ್ಲದೆ ಎದ್ದು ಒಳಗೆ ಹೋಗೋರು ಯಾರು ಅಂತ ಒಂದು ವಾರ ಗಮನಿಸಿ. ಮೈಕ್ ಮೊದಲು ಅವರ ಕುರ್ಚಿಯಲ್ಲಿಡಿ.